ವೀರರು ಕೂಡಿದಾಗ

ಒಬ್ಬ ವೀರನ ಕಥೆಯನ್ನು ಕೇಳಿ ಮುಗಿಸಿದ ಬಾಲಕನು ಮರುಗಳಿಗೆಯಲ್ಲಿಯೇ ಕೇಳುವ ಪ್ರಶ್ನೆಯೊಂದುಂಟು: “ಭೀಮನೂ ಹನುಮಂತನೂ ಎದುರೆದುರಾದರೆ ಗೆಲ್ಲುವವರು ಯಾರು?” ಹಿರಿಯರಾದ ನಾವು ಇದನ್ನು ಹುಡುಗಾಟಿಕೆಯೆಂದು ತಳ್ಳಿಬಿಡುವುದು ವಾಡಿಕೆ. ಮಹಾಭಾರತವು ಹಾಗೆ ತಳ್ಳಲಿಲ್ಲ. ಸೌಗಂಧಿಕಾ ಪುಷ್ಪವನ್ನು ಅರಸಿ ಹೊರಟ ಭೀಮನ ದಾರಿಗೆ ಮುದಿ ಕಪಿಯೊಂದರ ಬಾಲವನ್ನು ಅಡ್ಡಲಾಗಿ ಇರಿಸಿ, ಅದನ್ನೆತ್ತಲಾರದೆ ಅವನು ಬೆವರುವಂತೆ ಮಾಡಿ, ಎದುರಿಗಿರುವವನು ಹಗೆಯಲ್ಲ, ಸ್ವಂತ ಅಣ್ಣನೆಂದು ಅವನಿಗೆ ತಿಳಿಯಗೊಟ್ಟಿತು. ಬಾಲಕನ ಪ್ರಶ್ನೆಗೆ ಇದಕ್ಕಿಂತ ಸೊಗಸಾದ ಉತ್ತರವು ದೊರೆಯುವುದು ಕಷ್ಟ.

ಇಂದು ಬಂಟ್ವಾಳದಿಂದ ಬೆಳ್ತಂಗಡಿಗೂ ಮೂಡುಬಿದಿರೆಗೂ ಸಾಗುವ ಬಸ್ಸಿನಲ್ಲಿ ಕುಳಿತ ವಿದ್ಯಾರ್ಥಿಗಳು ಇದೇ ಪ್ರಶ್ನೆಯನ್ನು ಬೇರೆ ಹೆಸರುಗಳಿಂದ ಕೇಳುತ್ತಿರುತ್ತಾರೆ. ಅಮೇರಿಕೆಯ ಚಿತ್ರಕಥೆಗಳ ಅತಿಮಾನುಷ ವೀರರು ಅವರಿಗೆ ನೆರೆಮನೆಯವರಷ್ಟು ಪರಿಚಿತರು. ಇಂತಹ ವೀರರ ಕೂಟವು ಹುಟ್ಟಿಕೊಂಡ ಬಗೆಯನ್ನು ಅರಿಯುವುದು ಅಧ್ಯಾಪಕರಿಗೂ ಅಪ್ರಯೋಜಕವಾಗಲಾರದು.

ಸೂಪರ್‌ಮ್ಯಾನ್ 1938ರಲ್ಲಿಯೂ ಬ್ಯಾಟ್‌ಮ್ಯಾನ್ 1939ರಲ್ಲಿಯೂ ಒಂಟಿಯಾಗಿಯೇ ಕಾಣಿಸಿಕೊಂಡರು. 1940ರ ಕೊನೆಯಲ್ಲಿ ಪ್ರಕಟವಾದ ‘ಆಲ್ ಸ್ಟಾರ್ ಕಾಮಿಕ್ಸ್’ನ ಮೂರನೆಯ ಸಂಚಿಕೆಯಲ್ಲಿ ಹಲವು ವೀರರು ಮೊದಲ ಬಾರಿಗೆ ಒಂದು ಸಂಘವಾಗಿ ಸೇರಿದರು. ಆದರೆ ಆ ಸಂಚಿಕೆಯಲ್ಲಿ ಅವರು ಒಟ್ಟಾಗಿ ಕಾದಲಿಲ್ಲ. ಊಟದ ಮೇಜಿನ ಸುತ್ತ ಕುಳಿತು ತಂತಮ್ಮ ಸಾಹಸಗಳನ್ನು ಹೇಳಿಕೊಂಡರು, ಅಷ್ಟೆ. ವೇಷವಿಲ್ಲದೆ ಕುಳಿತು ಮಾತಿನಿಂದಲೇ ಲೋಕವನ್ನು ಕಟ್ಟುವ ನಮ್ಮ ತಾಳಮದ್ದಳೆಯನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರದು. ಈ ಕೂಟಕ್ಕೆ ವ್ಯಾಪಾರದ ಕಾರಣವೂ ಇತ್ತು: ಅಷ್ಟಾಗಿ ಹೆಸರಾಗದ ವೀರರನ್ನು ಓದುಗರಿಗೆ ಪರಿಚಯಿಸಬೇಕಾಗಿತ್ತು. 1954ರಲ್ಲಿ ‘ವರ್ಲ್ಡ್ಸ್ ಫೈನೆಸ್ಟ್’ ಪತ್ರಿಕೆಯ ಪುಟಗಳು ಕಡಿಮೆಯಾದಾಗ, ಅದುವರೆಗೆ ಬೇರೆ ಬೇರೆ ಕಥೆಗಳಲ್ಲಿ ಬರುತ್ತಿದ್ದ ಸೂಪರ್‌ಮ್ಯಾನನನ್ನೂ ಬ್ಯಾಟ್‌ಮ್ಯಾನನನ್ನೂ ಒಂದೇ ಕಥೆಯಲ್ಲಿ ಕೂಡಿಸಲಾಯಿತು. ಕಾಗದದ ಮಿತವ್ಯಯದಿಂದಲೂ ಸ್ನೇಹವೊಂದು ಹುಟ್ಟಬಹುದೆಂದಾಯಿತು!

1961ರಲ್ಲಿ ಹಳೆಯ ತಲೆಮಾರಿನ ಫ್ಲ್ಯಾಶನೂ ಹೊಸ ತಲೆಮಾರಿನ ಫ್ಲ್ಯಾಶನೂ ಎರಡು ಬೇರೆ ಲೋಕಗಳಿಂದ ಬಂದು ಸಂಧಿಸಿದರು. 1963ರಲ್ಲಿ ಹುಟ್ಟಿದ ‘ಅವೆಂಜರ್ಸ್’ ಕೂಟದ ಎರಡನೆಯ ಸಂಚಿಕೆಯಲ್ಲಿಯೇ ಹಲ್ಕನು ಮುನಿದು ಹೊರಟುಹೋದನು. 1976ರಲ್ಲಿ ಪರಸ್ಪರ ಪ್ರತಿಸ್ಪರ್ಧಿಗಳಾದ ಎರಡು ಪ್ರಕಾಶನ ಸಂಸ್ಥೆಗಳು ಸೇರಿ ಸೂಪರ್‌ಮ್ಯಾನನನ್ನೂ ಸ್ಪೈಡರ್‌ಮ್ಯಾನನನ್ನೂ ಒಂದೇ ಪುಸ್ತಕದಲ್ಲಿ ತಂದವು. ಈ ಕಥೆಗಳ ರಚನೆಗೆ ಒಂದು ಕ್ರಮವೇ ಏರ್ಪಟ್ಟಿದೆ: ವೀರರಿಬ್ಬರು ಸಂಧಿಸುವರು, ತಪ್ಪು ತಿಳಿವಳಿಕೆಯಿಂದ ಕಾದುವರು, ನಿಜವನ್ನರಿತು ಕೈಗೂಡಿಸುವರು.

ಈ ಕ್ರಮವನ್ನು ಕಲಿಯಲು ನಮ್ಮ ತಾಲೂಕುಗಳ ಜನರು ಕಡಲು ದಾಟಬೇಕಾಗಿಲ್ಲ. ದೀಪಾವಳಿ ಕಳೆದು ಪತ್ತನಾಜೆಯವರೆಗೆ ಧರ್ಮಸ್ಥಳವೇ ಮೊದಲಾದ ಮೇಳಗಳು ತಿರುಗಾಟ ನಡೆಸುವ ಈ ನೆಲದಲ್ಲಿ ‘ಶರಸೇತು ಬಂಧನ’ವನ್ನು ಕಾಣದವರು ವಿರಳ. ರಾಮನು ಬಾಣಗಳಿಂದಲೇ ಸೇತುವೆಯನ್ನು ಏಕೆ ಕಟ್ಟಲಿಲ್ಲವೆಂದು ಅರ್ಜುನನು ಬೀಗುತ್ತಾನೆ. ಹನುಮಂತನು ಪಣ ತೊಡುತ್ತಾನೆ. ಕೃಷ್ಣನು ನಡುವೆ ಬಂದು ಇಬ್ಬರ ಗರ್ವವನ್ನೂ ಇಳಿಸುತ್ತಾನೆ. ಕೊನೆಗೆ ಕಪಿಯು ಅರ್ಜುನನ ಧ್ವಜವನ್ನೇರುತ್ತಾನೆ. ರಾಮಾಯಣದ ವೀರನೂ ಮಹಾಭಾರತದ ವೀರನೂ ಇಲ್ಲಿ ಒಂದೇ ರಂಗಸ್ಥಳದ ಮೇಲೆ ನಿಂತಿದ್ದಾರೆ. ‘ಕೃಷ್ಣಾರ್ಜುನ ಕಾಳಗ’ವಂತೂ ಇನ್ನೂ ಗಹನವಾದುದು. ಗಯನನ್ನು ಕೊಲ್ಲುವೆನೆಂದು ಕೃಷ್ಣನ ಶಪಥ; ಕಾಯುವೆನೆಂದು ಅರ್ಜುನನ ಅಭಯ. ಇಲ್ಲಿ ತಪ್ಪು ತಿಳಿವಳಿಕೆಯೇನೂ ಇಲ್ಲ. ಇಬ್ಬರೂ ಕೊಟ್ಟ ಮಾತಿಗೆ ಕಟ್ಟುಬಿದ್ದವರು. ಕಟ್ಟುಬಿದ್ದುದರಿಂದಲೇ ಮಿತ್ರರು ವೈರಿಗಳಾಗಬೇಕಾಯಿತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಕೂಟಗಳನ್ನು ಕೇಳಿದ ಹಿರಿಯರಿಗೆ ಗೊತ್ತು: ಅಂಥಲ್ಲಿ ಸಭೆಯು ಕಾತರದಿಂದ ಕಾಯುವುದು ಯಾರ ಬಾಣ ಮುರಿಯಿತೆಂದು ತಿಳಿಯಲಿಕ್ಕಲ್ಲ, ಯಾರ ಮಾತಿಗೆ ಯಾರು ಏನು ಉತ್ತರವಿತ್ತರೆಂದು ಕೇಳಲಿಕ್ಕೆ.

ವೀರರ ಕೂಟದ ರಸವಿರುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಬಲಕ್ಕೆ ಬಲ ಕೂಡಿದರೆ ಬರುವುದು ಮೊತ್ತ ಮಾತ್ರ. ಸ್ವಭಾವಕ್ಕೆ ಸ್ವಭಾವ ಎದುರಾದಾಗ ಕಥೆ ಹುಟ್ಟುತ್ತದೆ. ತುಳುನಾಡಿನ ಗರಡಿಗಳಲ್ಲಿ ಜೊತೆಯಾಗಿ ಆರಾಧನೆಗೊಳ್ಳುವ ಕೋಟಿ ಚೆನ್ನಯರನ್ನೇ ನೋಡಿರಿ. ಅವಳಿಗಳಾದರೂ ಅಣ್ಣನದು ತಾಳ್ಮೆ, ತಮ್ಮನದು ದುಡುಕು. ಒಬ್ಬನು ತಡೆಯುತ್ತಾನೆ, ಇನ್ನೊಬ್ಬನು ಮುನ್ನುಗ್ಗುತ್ತಾನೆ. ಎಣ್ಮೂರಿನ ಯುದ್ಧದಲ್ಲಿ ಕೋಟಿ ಮಡಿದಾಗ ಅಣ್ಣನಿಲ್ಲದ ಬಾಳು ತನಗೆ ಬೇಡವೆಂದು ಚೆನ್ನಯನೂ ಪ್ರಾಣ ನೀಗುತ್ತಾನೆ. ಇಬ್ಬರೂ ಒಂದೇ ಅಚ್ಚಿನವರಾಗಿದ್ದರೆ ಪಾಡ್ದನವು ಇಷ್ಟು ತಲೆಮಾರುಗಳ ನಾಲಗೆಯ ಮೇಲೆ ಉಳಿಯುತ್ತಿರಲಿಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಈ ಕಥೆಯನ್ನು ಕನ್ನಡದ ಗದ್ಯಕ್ಕೆ ತಂದರು. ಮಕ್ಕಳ ಮನಸ್ಸನ್ನು ಬಲ್ಲ ಆ ಗುರುಗಳಿಗೆ ಇದರ ಬೆಲೆ ತಿಳಿದಿತ್ತು.

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ಪ್ರತಿಷ್ಠೆಗೊಂಡ ಬಾಹುಬಲಿಯು ಇದೇ ವಿಷಯವನ್ನು ಇನ್ನೊಂದು ಬಗೆಯಲ್ಲಿ ನೆನಪಿಗೆ ತರುತ್ತಾನೆ. ಸೇನೆಗಳು ವ್ಯರ್ಥವಾಗಿ ಅಳಿಯಬಾರದೆಂದು ಅಣ್ಣ ತಮ್ಮಂದಿರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಎದುರಾದರೆಂದು ಪಂಪನ ‘ಆದಿಪುರಾಣ’ವು ಹೇಳುತ್ತದೆ. 16ನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿಯು ‘ಭರತೇಶ ವೈಭವ’ದಲ್ಲಿ ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಕಾಳಗವನ್ನೇ ಭರತನ ಮೃದುವಾದ ಮಾತಿನಲ್ಲಿ ಕರಗಿಸಿಬಿಟ್ಟನು. ವೀರರಿಬ್ಬರು ಎದುರಾದರೆ ಹೊಡೆದಾಡಲೇಬೇಕೆಂಬ ಕಟ್ಟಳೆಯಿಲ್ಲವೆಂದು ಮೂಡುಬಿದಿರೆಯ ಕವಿ ಅಂದೇ ತೋರಿಸಿದನು.

ಹಾಗೆಂದು ನಮ್ಮದೆಲ್ಲ ಚೆನ್ನ, ಪರರದೆಲ್ಲ ಕೀಳು ಎಂದು ನಾವು ಹೇಳುತ್ತಿಲ್ಲ. ಜೋಡಾಟದಲ್ಲಿ ಅಕ್ಕಪಕ್ಕದ ಎರಡು ರಂಗಸ್ಥಳಗಳ ಮೇಲೆ ಎರಡು ಮೇಳಗಳು ಪೈಪೋಟಿಗಿಳಿದಾಗ, ಧಿಗಿಣಗಳನ್ನು ಎಣಿಸುವ ಭರದಲ್ಲಿ ಪ್ರಸಂಗವನ್ನೇ ಮರೆತ ಪ್ರೇಕ್ಷಕರು ನಮ್ಮಲ್ಲಿಯೂ ಇದ್ದಾರೆ. 2012ರ ‘ಅವೆಂಜರ್ಸ್’ ಚಲಚ್ಚಿತ್ರದಿಂದೀಚೆಗೆ ತೆರೆಯ ಮೇಲೆ ವೀರರ ಸಂಖ್ಯೆ ಬೆಳೆಯುತ್ತ ಹೋದುದೂ ಇದೇ ಬಗೆಯ ಎಣಿಕೆಯಲ್ಲವೆ? ಎಣಿಕೆಯ ಮೋಹವು ಒಂದು ದೇಶದ ಸೊತ್ತಲ್ಲ.

ಚಿತ್ರಕಥೆಯು ಮಕ್ಕಳನ್ನು ಕೆಡಿಸುವುದೆಂಬ ಕೂಗು ಹಳೆಯದು. 1954ರಲ್ಲಿ ಅಮೇರಿಕೆಯ ಮನೋವೈದ್ಯ ಫ್ರೆಡರಿಕ್ ವರ್ಥಮ್ ಈ ವಾದವನ್ನೇ ಗ್ರಂಥವಾಗಿ ಬರೆದನು. ಅದೇ ವರ್ಷ ಅಲ್ಲಿನ ಪ್ರಕಾಶಕರು ತಮಗೆ ತಾವೇ ಕಟ್ಟುನಿಟ್ಟಿನ ನಿಯಮಾವಳಿಯೊಂದನ್ನು ವಿಧಿಸಿಕೊಂಡರು. ಆದರೆ ಮೂಡುಬಿದಿರೆಯ ನೆರೆಯ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈಗಳು, ಮಕ್ಕಳು ಪುರಾಣವನ್ನು ಮರೆಯುತ್ತಿರುವರೆಂದು ಕಂಡಾಗ ಚಿತ್ರಕಥೆಯನ್ನು ದೂಷಿಸುತ್ತ ಕೂರಲಿಲ್ಲ. 1967ರಲ್ಲಿ ‘ಅಮರ ಚಿತ್ರಕಥಾ’ ಮಾಲೆಯನ್ನು ಆರಂಭಿಸಿದರು. ಅಧ್ಯಾಪಕರಿಗೆ ಅನುಕರಣೀಯವಾದ ಮಾರ್ಗ ಇದು.

ಪಾಠದ ನಡುವೆ ವಿದ್ಯಾರ್ಥಿಯ ಪುಸ್ತಕದೊಳಗೆ ಅಡಗಿದ ಚಿತ್ರಕಥೆಯೊಂದು ಕಣ್ಣಿಗೆ ಬಿದ್ದರೆ ಅಧ್ಯಾಪಕರು ಅದನ್ನು ಕಸಿದುಕೊಳ್ಳುವುದಕ್ಕಿಂತ, ಪಾಠ ಮುಗಿದ ಬಳಿಕ ಅವನನ್ನು ಕರೆದು, “ಈ ಇಬ್ಬರು ಏಕೆ ಜಗಳವಾಡಿದರು? ಯಾರ ಪಕ್ಷ ನ್ಯಾಯವಾದುದು?” ಎಂದು ಕೇಳಲಿ. ಅವನು ಉತ್ತರಿಸಲಿ, ತಡವರಿಸಲಿ, ವಾದಿಸಲಿ. ಆಮೇಲೆ ಗಯನ ಕಥೆಯನ್ನು ಹೇಳಿ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಲಿ. ಗೆದ್ದವರು ಯಾರೆಂದು ಕೇಳುತ್ತಿದ್ದ ಹುಡುಗನು ಸರಿಯಾದವರು ಯಾರೆಂದು ಯೋಚಿಸತೊಡಗಿದರೆ, ಆ ದಿನದ ಪಾಠ ಸಾರ್ಥಕವಾಯಿತೆಂದೇ ತಿಳಿಯಬೇಕು.