ಸಿಲಿಂಡರ್ ಎಣಿಸಿದ್ದು ಸಾಕು, ಹೊಗೆ ಅಳೆಯಿರಿ

ರಾಯಚೂರು ಜಿಲ್ಲೆಯಲ್ಲಿ ಗಾಳಿ ಕೆಟ್ಟಿದೆ ಅಂದರೆ ಎಲ್ಲರ ಬೆರಳೂ ಶಕ್ತಿನಗರದ ಚಿಮಣಿಯತ್ತ ತಿರುಗುತ್ತದೆ. ತಿರುಗಲಿ, 1985ರಿಂದ ಕಲ್ಲಿದ್ದಲು ಸುಡುತ್ತಿರುವ ವಿದ್ಯುತ್ ಸ್ಥಾವರದ ಹಾರುಬೂದಿಗೆ ಲೆಕ್ಕ ಕೇಳಲೇಬೇಕು. ಆದರೆ ಕವಿತಾಳ, ಮಾನ್ವಿ, ದೇವದುರ್ಗದ ಮನೆಗಳಲ್ಲಿ ಅದಕ್ಕಿಂತ ಹತ್ತಿರದಲ್ಲಿ ಇನ್ನೊಂದು ಬೆಂಕಿ ಉರಿಯುತ್ತದೆ. ಅದಕ್ಕೆ ಚಿಮಣಿಯೂ ಇಲ್ಲ, ಲೆಕ್ಕ ಕೇಳುವವರೂ ಇಲ್ಲ.

ಹತ್ತಿ ಬಿಡಿಸಿ ಮುಗಿದ ಮೇಲೆ ಕಿತ್ತು ತಂದ ಕಟ್ಟಿಗೆ, ತೊಗರಿ ಕಟ್ಟಿಗೆ ಮನೆಯ ಹಿಂದೆ ರಾಶಿ ಬಿದ್ದಿರುತ್ತದೆ. ಪುಕ್ಕಟೆ ಉರುವಲು. ಜೋಳದ ರೊಟ್ಟಿಗೆ ಹಂಚು ಒಂದೇ ಸಮನೆ ಕಾದಿರಬೇಕು, ಹಾಗಾಗಿ ರೊಟ್ಟಿ ಬಡಿಯುವವಳು ಒಲೆ ಬಿಟ್ಟು ಏಳುವಂತಿಲ್ಲ. ಒಂದು ಕೈ ಹಿಟ್ಟಿನ ಮೇಲೆ, ಒಂದು ಕೈ ಊದುಗೊಳವೆ ಮೇಲೆ. ಮಾಳಿಗೆ ಮನೆಯ ಬೆಳಕಿಂಡಿಯಿಂದ ಹೊಗೆ ಹೊರಬೀಳುವ ಮೊದಲು ಅವಳ ಎದೆಯೊಳಗೆ ಹೋಗಿ ಬಂದಿರುತ್ತದೆ, ಮಗ್ಗುಲಲ್ಲಿ ಕೂತ ಕೂಸಿನ ಎದೆಯೊಳಗೂ.

ಸರ್ಕಾರ ಸುಮ್ಮನೆ ಕೂತಿಲ್ಲ, ಎಣಿಸುತ್ತಾ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅಸ್ತ್ರ ಒಲೆ ರೂಪಿಸಿಕೊಟ್ಟಿತು, 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೇ ಶುರುವಾಯಿತು. ಆಗ ಎಣಿಸಿದ್ದು ಕಟ್ಟಿದ ಒಲೆಗಳನ್ನು. 2016ರಲ್ಲಿ ಬಡ ಮನೆಗಳಿಗೆ ಅಡುಗೆ ಅನಿಲ ಸಂಪರ್ಕ ಕೊಡುವ ಉಜ್ವಲಾ ಯೋಜನೆ ಬಂತು, ಸಂಪರ್ಕಗಳು 10 ಕೋಟಿ ದಾಟಿದವು. ಈಗ ಎಣಿಸುವುದು ಸಂಪರ್ಕಗಳನ್ನು. ಫಲಾನುಭವಿ ಮನೆಯೊಂದು ವರ್ಷಕ್ಕೆ ಸರಾಸರಿ 3.21 ಸಿಲಿಂಡರ್ ಮಾತ್ರ ತುಂಬಿಸಿಕೊಂಡಿದೆ ಎಂದು 2019ರಲ್ಲಿ ಮಹಾಲೇಖಪಾಲರ ವರದಿಯೇ ಹೇಳಿತು. ಅಷ್ಟು ಗ್ಯಾಸು ಅರ್ಧ ವರ್ಷಕ್ಕೂ ಸಾಲದು. ಉಳಿದ ತಿಂಗಳು ಉರಿದದ್ದು ಏನು? ಆ ಪ್ರಶ್ನೆಗೆ ಪ್ರಗತಿ ವರದಿಯಲ್ಲಿ ಕಾಲಂ ಇಲ್ಲ.

ಅಳೆಯುವ ಸಾಧನ ಇಲ್ಲ ಎಂದು ಇನ್ನು ಹೇಳುವಂತಿಲ್ಲ. 1980ರ ದಶಕದ ಆರಂಭದಲ್ಲೇ ಸಂಶೋಧಕ ಕರ್ಕ್ ಸ್ಮಿತ್ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಗೆ ಪಂಪು ಕಟ್ಟಿ ಹೊಗೆ ಅಳೆದಿದ್ದರು. ಇಂದು ಬೆಂಕಿಪೊಟ್ಟಣದಷ್ಟು ಸೆನ್ಸರ್ ಆ ಕೆಲಸ ಮಾಡುತ್ತದೆ. ಸಣ್ಣ ಫ್ಯಾನು ಗಾಳಿ ಎಳೆಯುತ್ತದೆ, ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುತ್ತದೆ, ಚದುರಿದ ಬೆಳಕಿನಿಂದ ಪಿಎಂ 2.5 ಎಂಬ ಸೂಕ್ಷ್ಮ ಕಣ ಎಷ್ಟೆಂದು ಲೆಕ್ಕ ಸಿಗುತ್ತದೆ. ಬೆಲೆ ಕೆಲವು ಸಾವಿರ ರೂಪಾಯಿ. ನಗರದ ಚೌಕದಲ್ಲಿ ನಿಲ್ಲಿಸುವ ಮಾಪನ ಕೇಂದ್ರಕ್ಕಾದರೆ ಕೋಟಿ ರೂಪಾಯಿ ಲೆಕ್ಕ.

‘ಅಗ್ಗದ ಸೆನ್ಸರ್ ನಂಬಲಾಗದು’ ಎಂಬ ವಾದ ಇದೆ. ಅರ್ಧ ನಿಜ. ಗಾಳಿಯಲ್ಲಿ ತೇವ ಹೆಚ್ಚಾದರೆ ಅದು ಹೆಚ್ಚು ತೋರಿಸುತ್ತದೆ, ಮಸಿ ಕಟ್ಟಿದರೆ ಕೈಕೊಡುತ್ತದೆ. ದೊಡ್ಡ ಯಂತ್ರದ ಪಕ್ಕದಲ್ಲಿಟ್ಟು ತಾಳೆ ನೋಡಿ ಸರಿಪಡಿಸಿಕೊಳ್ಳಬೇಕು. ಆದರೆ ಪಿಎಂ 2.5ಕ್ಕೆ ನಮ್ಮ 2009ರ ಮಾನದಂಡ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಕಟ್ಟಿಗೆ ಒಲೆಯ ಮುಂದೆ, ಅಡುಗೆ ಹೊತ್ತಿನಲ್ಲಿ ಅಂಕಿ ನೂರುಗಳನ್ನು ದಾಟಿ ಸಾವಿರಕ್ಕೂ ಏರುತ್ತದೆ. ತಾಳೆ ನೋಡಿದ ಸೆನ್ಸರ್ 70ನ್ನು 60 ಎಂದೀತು, 600ನ್ನು 60 ಅನ್ನುವುದಿಲ್ಲ. ಮೇಲಾಗಿ ಆ 60ರ ಮಿತಿ ಹೊರಗಿನ ಗಾಳಿಗೆ ಮಾತ್ರ. ಮನೆಯೊಳಗಿನ ಗಾಳಿಗೆ ನಮ್ಮ ದೇಶದಲ್ಲಿ ಕಾನೂನಿನ ಮಿತಿಯೇ ಇಲ್ಲ.

‘ಹೊಗಿ ಐತಿ ಅನ್ನಾಕ ಮಿಷಿನ್ ಯಾಕ ಬೇಕ್ರಿ?’ ಎಂಬುದು ಇದಕ್ಕಿಂತ ಗಟ್ಟಿ ಆಕ್ಷೇಪ. ಒಲೆ ಮುಂದೆ ಕೂತವಳಿಗೆ ಬೇಕಿಲ್ಲ. ಅವಳ ಕಣ್ಣೀರನ್ನು ಸಾಕ್ಷಿ ಎಂದು ಒಪ್ಪದ ಕಚೇರಿಗೆ ಬೇಕು. ಅದೂ ಅಲ್ಲದೆ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅವಳ ಕಣ್ಣಿಗೂ ಕಾಣದು, ಅದನ್ನು ಹಿಡಿಯಲು ಬೇರೆಯದೇ ಸೆನ್ಸರ್ ಬೇಕು.

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಇಂಥ ಸೆನ್ಸರು ಏರ್ ಪ್ಯೂರಿಫೈಯರ್ ಒಳಗೆ ಕೂತು ಹಸಿರು ದೀಪ ತೋರಿಸುತ್ತಿದೆ. ಅದು ಕವಿತಾಳದ ಅಡುಗೆಮನೆಗೆ, ಅಂಗನವಾಡಿಗೆ ಬರಬೇಕು. 2025-26ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿದ್ದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈ ಖರ್ಚು ಲೆಕ್ಕಕ್ಕಿಲ್ಲ. ತಾಳೆ ನೋಡುವ ಕೆಲಸವನ್ನು ರಾಯಚೂರಿನ ಐಐಐಟಿಗೆ ವಹಿಸಬಹುದು. ಒಪ್ಪಿದ ಮನೆಗಳಲ್ಲಿ ಮಾತ್ರ ಸೆನ್ಸರ್ ಇಡಬೇಕು, ಅಂಕಿ ಮೊದಲು ಆ ಮನೆಯವಳ ಕೈಗೆ ಸಿಗಬೇಕು. ಅದನ್ನು ಹಿಡಿದು ಅವಳನ್ನು ಗದರುವುದಾಗಲಿ, ಸಬ್ಸಿಡಿ ಕತ್ತರಿಸುವುದಾಗಲಿ ಕೂಡದು. ತಪ್ಪು ಅವಳದಲ್ಲ, ಕೂಲಿಗೆ ಎಟುಕದ ಸಿಲಿಂಡರ್ ದರದ್ದು.

ಸೆನ್ಸರ್ ಹೊಗೆ ಇಳಿಸುವುದಿಲ್ಲ, ನಿಜ. ಆದರೆ ಸಂಪರ್ಕ ಕೊಟ್ಟೆವು ಎಂದು ಬೆನ್ನು ತಟ್ಟಿಕೊಳ್ಳುವ ಅಧಿಕಾರಿ, ಹೊಗೆಯ ಅಂಕಿ ಮೇಜಿನ ಮೇಲಿರುವಾಗ ದರದ ಪ್ರಶ್ನೆಗೆ ಉತ್ತರ ಕೊಡದೆ ಏಳುವಂತಿಲ್ಲ.