ಮುದಿ ಹ್ಯಾಟೆ ಅಂದ್ರೆ ಸಾರಿಗೆ ಮಾತ್ರವೇ?



ಮುದಿ ಹ್ಯಾಟೆ ಮಂಕಾಗಿ ಕೂತರೆ ನಮ್ಮ ಕಡೆ ಎರಡೇ ತೀರ್ಮಾನ. ‘ಸಾಯೋಕೆ ಮುಂಚೆ ಕುಯ್ದುಬಿಡಿ’, ಇಲ್ಲವೇ ‘ಯಾರಿಗಾದ್ರೂ ಮಾರಿಬಿಡಿ’. ಇವೆರಡೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಕಾಯಿಲೆ ಕೋಳಿ ಮಾರಿದರೆ ಕಾಯಿಲೆಯನ್ನೇ ಮಾರಿದ ಹಾಗೆ. ಮೇಲಾಗಿ 21 ದಿನ ಕಾವು ಕೂತು ಪಿಳ್ಳೆ ಎಬ್ಬಿಸಿ, ಹದ್ದಿನಿಂದ ಕಾಯೋದು ಅನುಭವಸ್ಥ ನಾಟಿ ಹ್ಯಾಟೆಯೇ.

ಜುಟ್ಟು ಬಿಳಚಿಕೊಂಡು, ಮೇವು ತಿಂದರೂ ಎದೆಮೂಳೆ ಚೂಪಾಗಿ ಕೈಗೆ ಸಿಕ್ಕಿದರೆ ಹೊಟ್ಟೆಯಲ್ಲಿ ಹುಳು ಇರಬಹುದು. ಕತ್ತು ತಿರುಚಿಕೊಂಡು ಹಸಿರು ಹಿಕ್ಕೆ ಹಾಕಿದರೆ ಅದು ಕೊಕ್ಕರೆ ರೋಗವಿರಬಹುದು. ಅದಕ್ಕೆ ಔಷಧಿಯಿಲ್ಲ, ಮೊದಲೇ ಲಸಿಕೆ ಹಾಕಿಸಬೇಕು. ಕೋಳಿಗಳು ಒಟ್ಟೊಟ್ಟಿಗೆ ಸತ್ತರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಬೇಕು.

ಹುಳು ಬರೋದು ಹೇಗೆ? ಜಂತುಹುಳುವಿನ ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತದೆ. ಒದ್ದೆ ನೆಲದಲ್ಲಿ ಎರಡು ಮೂರು ವಾರದಲ್ಲಿ ಬಲಿಯುತ್ತದೆ. ಅದನ್ನೇ ಇನ್ನೊಂದು ಕೋಳಿ ಕೆದಕಿ ತಿನ್ನುತ್ತದೆ. ಲಾಡಿಹುಳು ಇರುವೆ, ನೊಣ, ಜೀರುಂಡೆ ತಿಂದರೆ ಬರುತ್ತದೆ. ದೊಡ್ಡ ಕೋಳಿ ಹೇಗೋ ತಡೆದುಕೊಂಡರೂ ಅದರ ಹಿಕ್ಕೆಯಿಂದ ಪಿಳ್ಳೆಗಳು ಸೊರಗುತ್ತವೆ.

ಇಲ್ಲಿ ನಮ್ಮ ಕಷ್ಟ ಬೇರೆ. ಯಡಿಯೂರು, ಸಾರಕ್ಕಿ, ಕತ್ರಿಗುಪ್ಪೆ, ತಾವರೆಕೆರೆ ಹಳ್ಳಿಗಳ ಸುತ್ತ ಜಯನಗರ, ಜೆ.ಪಿ.ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಬೆಳೆದವು. ಹೊಲ, ತೋಪು ಸುತ್ತುತ್ತಿದ್ದ ಕೋಳಿ ಈಗ ಹಿತ್ತಲಿನ ನಾಲ್ಕು ಮಾರು ಜಾಗದಲ್ಲೇ ಹಿಕ್ಕೆ ಹಾಕಿ ಅಲ್ಲೇ ಮೇಯಬೇಕು. ಹುಳುವಿನ ಮೊಟ್ಟೆ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಆದ್ದರಿಂದ ಬರೀ ಔಷಧಿ ಸಾಲದು, ನೆಲವೂ ಚೊಕ್ಕಟವಿರಬೇಕು.

2015ರಿಂದ ಜಂತುಹುಳು ನಿವಾರಣಾ ದಿನ ಅಂತ ಶಾಲೆಗಳಲ್ಲಿ ನಮಗೆಲ್ಲ ಮಾತ್ರೆ ಕೊಡ್ತಾರೆ. ಕೋಳಿಗೂ ಹಾಗೇ ಕೊಡಿಸಬೇಕಲ್ಲವೇ? ಆದರೆ ನಮ್ಮ ಮಾತ್ರೆಯನ್ನೇ ಮುರಿದು ಹಾಕಬಾರದು. ಅದು 400 ಮಿಲಿಗ್ರಾಂ, ಕೋಳಿಯ ತೂಕವೋ ಒಂದೂವರೆ ಎರಡು ಕೆ.ಜಿ. ಪಿಪೆರಜಿನ್ ಔಷಧಿ ಜಂತುಹುಳುವಿಗೆ ಆಗುತ್ತದೆ, ಲಾಡಿಹುಳುವಿಗೆ ಆಗೋದಿಲ್ಲ. ಹೊಸ ಹಿಕ್ಕೆಯನ್ನು ಕವರಿನಲ್ಲಿ ಕಟ್ಟಿಕೊಂಡು ಪಶು ಆಸ್ಪತ್ರೆಗೆ ಹೋದರೆ, ಪರೀಕ್ಷೆ ಮಾಡಿಸಿ ಯಾವ ಹುಳು ಎಂದು ತಿಳಿಯಬಹುದು. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಡಾಕ್ಟರನ್ನೇ ಕೇಳಿ.

ನಾವು ಮಾಡಬಹುದಾದ್ದು ಇಷ್ಟು:
1. ಕಾಯಿಲೆ ಕೋಳಿಯನ್ನು ಬೇರೆ ಮಂಕರಿಯಲ್ಲಿ ಬೆಚ್ಚಗಿಡಿ. ಶುದ್ಧ ನೀರು, ಮೆತ್ತನೆ ಅನ್ನ ಕೊಡಿ.
2. ಗೂಡನ್ನು ದಿನಾ ಗುಡಿಸಿ, ಬಿಸಿಲು ಬೀಳುವ ಹಾಗೆ ಮಾಡಿ.
3. ಕಾಳನ್ನು ನೆಲಕ್ಕೆ ಎರಚದೆ ತಟ್ಟೆಯಲ್ಲಿ ಹಾಕಿ.
4. ಪಿಳ್ಳೆಗಳನ್ನು ಒಣನೆಲದಲ್ಲಿ ಮೇಯಿಸಿ.
5. ಹಿಕ್ಕೆ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಗೂಡು ಗುಡಿಸೋಕೆ ಕಾಸು ಬೇಡ, ಪೊರಕೆ ಸಾಕು. ಮೊಟ್ಟೆ ಇಡುವಾಗ ಬೇಕಾದ ಕೋಳಿ ಕಾಯಿಲೆ ಬಿದ್ದಾಗಲೂ ನಮ್ಮದೇ ಅಲ್ಲವೇ? ನೀವೇ ಯೋಚಿಸಿ.