ಮಂಗಳೂರಲ್ಲಿ ಫ್ಲ್ಯಾಟ್ ಏಳ್ತಾ ಉಂಟು, ಲೈಟ್ ಉರಿಯುವುದು ಎಷ್ಟು ಮನೆಯಲ್ಲಿ?

ಮಂಗಳೂರು: ಕದ್ರಿ, ಬಿಜೈ, ಬೆಂದೂರ್, ಫಳ್ನೀರ್, ಕೊಟ್ಟಾರ, ದೇರೆಬೈಲ್... ಯಾವ ಕಡೆ ಹೋದರೂ ಕಾಣುವುದು ಒಂದೇ. ಹಳೆ ಹೆಂಚಿನ ಮನೆ, ಬದಿಯಲ್ಲೊಂದು ಬಾವಿ, ನಾಲ್ಕು ತೆಂಗಿನ ಮರ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್. ರಿಟೈರ್ ಆದವರಿಗೆ ಹೇಳಿ ಮಾಡಿಸಿದ ಊರು ಅನ್ನುವುದು ಬಿಲ್ಡರ್‌ಗಳ ಜಾಹೀರಾತಿನ ಮುಖ್ಯ ಮಾತು. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಫ್ಲ್ಯಾಟ್ ಮಾರಾಟ ಆಗುವುದು ಬೇರೆ, ಅದರಲ್ಲಿ ಜನ ವಾಸ ಇರುವುದು ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿದು ದುಡ್ಡು ಹಾಕಿದರೆ ಪೆನ್ಶನ್ ಹಣದಲ್ಲಿ ಮನೆ ಕೊಳ್ಳುವವರಿಗೂ ಕಷ್ಟ, ಕೆಳಗಿನ ಶಟರ್ ಬಾಡಿಗೆಗೆ ಹಿಡಿಯುವ ಅಂಗಡಿಯವರಿಗೂ ಕಷ್ಟ.

ಯಾರು ಕೊಳ್ಳುತ್ತಾರೆ?

ಮುಖ್ಯವಾಗಿ ಮೂರು ವರ್ಗದವರು.

ಒಂದು, ಗಲ್ಫ್ ಮತ್ತು ಮುಂಬೈಯಲ್ಲಿ ದುಡಿದವರು. ಕೆಲಸ ಇರುವಾಗಲೇ ಊರಲ್ಲೊಂದು ಫ್ಲ್ಯಾಟ್ ಮಾಡಿಟ್ಟು, ಆಮೇಲೆ ಬಂದು ಕೂರುವ ಯೋಚನೆ.

ಎರಡು, ರಿಟೈರ್ ಆದ ಬ್ಯಾಂಕಿನವರು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್ - ಐದೂ ಅವಿಭಜಿತ ದಕ್ಷಿಣ ಕನ್ನಡದಲ್ಲೇ ಹುಟ್ಟಿದವು. 2019 ಮತ್ತು 2020ರ ವಿಲೀನದಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಹೆಸರು ಹೋಯಿತು. ಆದರೆ ಅಲ್ಲಿ ಕೆಲಸ ಮಾಡಿ ದೇಶ ಸುತ್ತಿದ ನಮ್ಮವರು ರಿಟೈರ್ ಆದ ಮೇಲೆ ಹುಡುಕುವುದು ಮಂಗಳೂರು, ಉಡುಪಿಯನ್ನೇ.

ಮೂರನೆಯವರು ನಮ್ಮ ತಾಲೂಕುಗಳವರೇ. ಸುಳ್ಯ, ಬೆಳ್ತಂಗಡಿ, ಪುತ್ತೂರು ಕಡೆ ತೋಟದ ಮನೆಯಲ್ಲಿ ಇಬ್ಬರೇ ಇರುವ ಅಪ್ಪ-ಅಮ್ಮ. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ. ಅಡಿಕೆಗೆ ಹಳದಿ ರೋಗ, ಎಲೆಚುಕ್ಕಿ ರೋಗ, ಕೊಯ್ಲಿಗೆ ಜನ ಇಲ್ಲ. ರಾತ್ರಿ ಎದೆನೋವು ಬಂದರೆ ಮಳೆಗಾಲದಲ್ಲಿ ಗುಡ್ಡ ಇಳಿದು ಮುಖ್ಯ ರಸ್ತೆಗೆ ಬರುವುದೇ ದೊಡ್ಡ ಕೆಲಸ. "ತೋಟ ಯಾರಿಗಾದರೂ ನೋಡಿಕೊಳ್ಳಲು ಕೊಟ್ಟು ಮಂಗಳೂರಿಗೆ ಬನ್ನಿ" ಅಂತ ಮಕ್ಕಳು ಹೇಳುವುದರಲ್ಲಿ ತಪ್ಪಿಲ್ಲ.

ಊರಿನಲ್ಲಿ ಆಕರ್ಷಣೆ ಉಂಟು. ಹಂಪನಕಟ್ಟೆಯ ವೆನ್ಲಾಕ್ 1848ರಿಂದ ಇದೆ, ಕಂಕನಾಡಿಯ ಫಾದರ್ ಮುಲ್ಲರ್ 1880ರಿಂದ. ಕೆಎಂಸಿ, ಎ.ಜೆ., ದೇರಳಕಟ್ಟೆಯ ಆಸ್ಪತ್ರೆಗಳನ್ನು ಸೇರಿಸಿದರೆ ಇಷ್ಟು ಸಣ್ಣ ನಗರದಲ್ಲಿ ಇಷ್ಟು ಮೆಡಿಕಲ್ ಕಾಲೇಜು ಇರುವುದು ಅಪರೂಪ. ಬಜಪೆಯಿಂದ ಗಲ್ಫ್‌ಗೆ ನೇರ ವಿಮಾನ, ಬೆಂಗಳೂರು, ಮುಂಬೈಗೆ ರೈಲು. ಬೇಡಿಕೆ ಬಂದದ್ದು ಗಾಳಿಯಿಂದಲ್ಲ.

ಬೀಗ ಹಾಕಿದ ಮನೆ ಹಾಲು ಕೊಳ್ಳುವುದಿಲ್ಲ

ಇನ್ನು ಅಂಗಡಿಯವರ ಲೆಕ್ಕಕ್ಕೆ ಬರೋಣ. ನಲವತ್ತು ಫ್ಲ್ಯಾಟ್‌ನ ಕಟ್ಟಡ ಎದ್ದರೆ ನಲವತ್ತು ಮನೆಯ ವ್ಯಾಪಾರ ಸಿಕ್ಕಿತು ಎಂದು ಲೆಕ್ಕ ಹಾಕಿ ಶಟರ್‌ಗೆ ಅಡ್ವಾನ್ಸ್ ಕೊಡುವವರು ಇದ್ದಾರೆ. ಕೊಟ್ಟ ಮೇಲೆ ಗೊತ್ತಾಗುತ್ತದೆ, ಗಿರಾಕಿ ಬರುವುದು ಅದರ ಒಂದು ಪಾಲಿನಿಂದ ಮಾತ್ರ. ಹೊರಗಿರುವವರ ಫ್ಲ್ಯಾಟ್ ಏಪ್ರಿಲ್-ಮೇ ರಜೆಗೆ ತೆರೆಯುತ್ತದೆ. ಮತ್ತೆ ಕ್ರಿಸ್ಮಸ್‌ಗೆ, ಈದ್‌ಗೆ, ಕುಟುಂಬದ ಕೋಲಕ್ಕೆ, ಮದುವೆಗೆ. ಉಳಿದ ತಿಂಗಳು ಬೀಗ.

ಬೀಗ ಹಾಕಿದ ಮನೆಗೂ ಪಾಲಿಕೆಗೆ ತೆರಿಗೆ ಬರುತ್ತದೆ, ಮಾರಿದಾಗಲೇ ಬಿಲ್ಡರ್‌ಗೆ ದುಡ್ಡು ಬಂದಿರುತ್ತದೆ, ನೋಂದಣಿ ಕಚೇರಿಗೂ ಶುಲ್ಕ ಹೋಗಿರುತ್ತದೆ. ಬಾರದೇ ಇರುವುದು ಜಿನಸಿ ಅಂಗಡಿಗೆ, ಮೀನಿನವರಿಗೆ, ಮೆಡಿಕಲ್‌ಗೆ, ರಿಕ್ಷಾದವರಿಗೆ ಮಾತ್ರ. ಇಷ್ಟು ಕಟ್ಟಡ ಎದ್ದರೂ ಕೆಳಗಿನ ವ್ಯಾಪಾರ ಯಾಕೆ ಅಷ್ಟು ಏಳಲಿಲ್ಲ ಎಂಬ ಪ್ರಶ್ನೆಗೆ ದೊಡ್ಡ ಉತ್ತರ ಇಲ್ಲೇ ಉಂಟು.

ಆದ್ದರಿಂದ ಶಟರ್ ಹಿಡಿಯುವ ಮೊದಲು ಫ್ಲ್ಯಾಟ್ ಎಷ್ಟು ಎಂದು ಕೇಳಬೇಡಿ. ರಜೆ ಇಲ್ಲದ ತಿಂಗಳಲ್ಲಿ, ರಾತ್ರಿ ಎಂಟು ಗಂಟೆಗೆ ಎದುರು ನಿಂತು ಎಷ್ಟು ಕಿಟಕಿಯಲ್ಲಿ ಲೈಟ್ ಇದೆ ಎಂದು ಎಣಿಸಿ. ಸೆಕ್ಯೂರಿಟಿಯವರಲ್ಲಿ ದಿನಕ್ಕೆ ಎಷ್ಟು ಹಾಲಿನ ಪ್ಯಾಕೆಟ್ ಬರುತ್ತದೆ ಎಂದು ವಿಚಾರಿಸಿ. ಅದೇ ನಿಜವಾದ ಲೆಕ್ಕ. ದೇರಳಕಟ್ಟೆಯಂಥ ಕಡೆ ಕಥೆ ಬೇರೆ. ಅಲ್ಲಿ ವಿದ್ಯಾರ್ಥಿಗಳು, ಡಾಕ್ಟರ್‌ಗಳು ಬಾಡಿಗೆಗೆ ಇರುತ್ತಾರೆ, ಮನೆ ತುಂಬಿರುತ್ತದೆ, ಆದರೆ ಬೇಕಾಗುವ ಸಾಮಾನು ಬೇರೆ. ರಿಟೈರ್ ಆದ ದಂಪತಿ ನಿಜವಾಗಿ ವಾಸ ಇರುವ ಕಟ್ಟಡ ಅಂಗಡಿಯವರಿಗೆ ಒಳ್ಳೆಯದು. ಅವರು ವರ್ಷಪೂರ್ತಿ ಇರುತ್ತಾರೆ, ಹತ್ತಿರದಲ್ಲೇ ಕೊಳ್ಳುತ್ತಾರೆ, ಮನೆಗೆ ತಂದುಕೊಟ್ಟರೆ ಅಂಗಡಿ ಬದಲಿಸುವುದಿಲ್ಲ.

60 ಲಕ್ಷದ ಫ್ಲ್ಯಾಟ್, ಕೈಯಿಂದ ಹೋಗುವುದು ಎಷ್ಟು?

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಫ್ಲ್ಯಾಟ್ ಬೆಲೆ 60 ಲಕ್ಷ.

ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್, ಅಂದರೆ 3 ಲಕ್ಷ. ಅದರ ಮೇಲೆ ನಗರದಲ್ಲಿ ಸೆಸ್, ಸರ್ಚಾರ್ಜ್ ಸೇರಿ 36 ಸಾವಿರ. ನೋಂದಣಿ ಶುಲ್ಕವನ್ನು ರಾಜ್ಯ ಸರ್ಕಾರ 2025ರ ಆಗಸ್ಟ್ 31ರಿಂದ 1 ಪರ್ಸೆಂಟ್‌ನಿಂದ 2 ಪರ್ಸೆಂಟ್‌ಗೆ ಏರಿಸಿದೆ, ಅದು 1.20 ಲಕ್ಷ. ಒಟ್ಟು 4.56 ಲಕ್ಷ. ಕಟ್ಟುತ್ತಾ ಇರುವ ಫ್ಲ್ಯಾಟ್ ಆದರೆ ಜಿಎಸ್‌ಟಿ 5 ಪರ್ಸೆಂಟ್, ಇನ್ನೂ 3 ಲಕ್ಷ. ಕಂಪ್ಲೀಷನ್ ಸರ್ಟಿಫಿಕೇಟ್ ಸಿಕ್ಕಿದ ಮೇಲೆ ಮಾರುವ ಫ್ಲ್ಯಾಟ್‌ಗೆ ಈ ಜಿಎಸ್‌ಟಿ ಇಲ್ಲ. ಇದೊಂದು ವಿಷಯ ಗೊತ್ತಿದ್ದರೆ 3 ಲಕ್ಷದ ವ್ಯತ್ಯಾಸ ನೋಡಿ.

ಇನ್ನೊಂದು. "1,200 ಸ್ಕ್ವೇರ್ ಫೀಟ್" ಎಂದಾಗ ಅದರಲ್ಲಿ ಮೆಟ್ಟಿಲು, ಲಿಫ್ಟ್, ಪ್ಯಾಸೇಜ್‌ನ ಪಾಲೂ ಸೇರಿರಬಹುದು. ರೇರಾ ಕಾಯ್ದೆ ಪ್ರಕಾರ ಬಿಲ್ಡರ್ ಹೇಳಬೇಕಾದದ್ದು ಕಾರ್ಪೆಟ್ ಏರಿಯಾ, ಅಂದರೆ ಮನೆಯ ಒಳಗೆ ನಿಮ್ಮ ಉಪಯೋಗಕ್ಕೆ ಸಿಗುವ ಜಾಗ. ರೇಟ್ ಹೋಲಿಸುವಾಗ ಅದನ್ನೇ ಹಿಡಿದು ಹೋಲಿಸಿ.

ಮೇಂಟೆನೆನ್ಸ್ ಯಾರೂ ಮೊದಲು ಹೇಳುವುದಿಲ್ಲ. ಸ್ಕ್ವೇರ್ ಫೀಟ್‌ಗೆ ಎರಡೂವರೆ ರೂಪಾಯಿ ಎಂದಿಟ್ಟರೂ 1,200 ಸ್ಕ್ವೇರ್ ಫೀಟ್‌ಗೆ ತಿಂಗಳಿಗೆ 3,000. ಸ್ವಿಮ್ಮಿಂಗ್ ಪೂಲ್, ಜಿಮ್ ಇದ್ದರೆ ನೀವು ಒಂದು ದಿನ ಇಳಿಯದಿದ್ದರೂ ಖರ್ಚಿನಲ್ಲಿ ಪಾಲು ಕೊಡಬೇಕು.

ಕೊಳ್ಳುವುದೋ, ಬಾಡಿಗೆಗೆ ಇರುವುದೋ?

ತೋಟದ ಪಾಲು ಮಾರಿಯೋ ಗ್ರಾಚ್ಯುಯಿಟಿ, ಪಿಎಫ್ ಸೇರಿಸಿಯೋ ಕೈಯಲ್ಲಿ 75 ಲಕ್ಷ ಉಂಟು ಎಂದಿಟ್ಟುಕೊಳ್ಳಿ. 60 ಲಕ್ಷದ ಫ್ಲ್ಯಾಟ್ ಕೊಂಡು, ನೋಂದಣಿ ಮುಗಿಸಿ, ಕಬೋರ್ಡ್ ಅದು ಇದು ಅಂತ ಮಾಡಿಸಿದರೆ ಉಳಿಯುವುದು 8 ಲಕ್ಷದ ಆಸುಪಾಸು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 8.2 ಪರ್ಸೆಂಟ್ ಬಡ್ಡಿಗೆ ಇಟ್ಟರೆ ತಿಂಗಳಿಗೆ ಸಿಗುವುದು ಸುಮಾರು 5,500. ಅದರಲ್ಲಿ 3,000 ಮೇಂಟೆನೆನ್ಸ್‌ಗೆ. ಬೇರೆ ಪೆನ್ಶನ್ ಇಲ್ಲದವರಿಗೆ ಇದು ಅಪಾಯದ ಲೆಕ್ಕ. ಲಕ್ಷಗಟ್ಟಲೆಯ ಮನೆಯಲ್ಲಿ ಕೂತು ಔಷಧಿಗೆ ಮಕ್ಕಳ ಕೈ ನೋಡುವ ಪರಿಸ್ಥಿತಿ ಬರುವುದು ಹೀಗೆ.

ಅಂಥದ್ದೇ ಫ್ಲ್ಯಾಟ್‌ಗೆ ಬಾಡಿಗೆ 15,000 ಎಂದಿಟ್ಟರೆ ವರ್ಷಕ್ಕೆ 1.80 ಲಕ್ಷ. 60 ಲಕ್ಷದ ಮೇಲೆ ಇದು ಬರೇ 3 ಪರ್ಸೆಂಟ್. ಅದೇ ಯೋಜನೆಯಲ್ಲಿ ಒಬ್ಬರು ಇಡಬಹುದಾದ ಗರಿಷ್ಠ ಮೊತ್ತ 30 ಲಕ್ಷ. ಅದರ ಬಡ್ಡಿ ತಿಂಗಳ ಲೆಕ್ಕದಲ್ಲಿ 20,500. ಬಾಡಿಗೆ ಕಳೆದು 5,500 ಉಳಿಯುತ್ತದೆ, ಬಾಕಿ 45 ಲಕ್ಷ ಕೈಯಲ್ಲೇ.

ಹಾಗಂತ ಬಾಡಿಗೆಯೇ ಸರಿ ಎಂದು ತೀರ್ಪು ಕೊಡಲು ಬರುವುದಿಲ್ಲ. ಬಡ್ಡಿ ಐದು ವರ್ಷ ಅಷ್ಟೇ ಇರುತ್ತದೆ, ಬಾಡಿಗೆ ವರ್ಷ ವರ್ಷ ಏರುತ್ತದೆ. ಬಡ್ಡಿಗೆ ಆದಾಯ ತೆರಿಗೆಯೂ ಉಂಟು. ಎಪ್ಪತ್ತೈದರ ವಯಸ್ಸಲ್ಲಿ ಮಾಲೀಕರು "ಖಾಲಿ ಮಾಡಿ" ಅಂದರೆ ಸಾಮಾನು ಕಟ್ಟಿಕೊಂಡು ಹೋಗುವುದು ಎಲ್ಲಿಗೆ? ಸ್ವಂತ ಮನೆಯ ಧೈರ್ಯಕ್ಕೂ ಬೆಲೆ ಉಂಟು. ಹಳ್ಳಿಯಿಂದ ಬರುವವರು ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ, ಒಂದು ಮಳೆಗಾಲ, ಒಂದು ಬೇಸಿಗೆ ಕಳೆದು, ಆಮೇಲೆ ತೀರ್ಮಾನ ಮಾಡುವುದು ಜಾಣತನ.

ನೀರು, ಲಿಫ್ಟ್, ಫುಟ್‌ಪಾತ್

ಮಳೆ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಸುರಿಯುವ ಊರಿದು. ಆದರೂ ಕುಡಿಯುವ ನೀರಿಗೆ ನಗರ ನೆಚ್ಚಿಕೊಂಡದ್ದು ನೇತ್ರಾವತಿಯ ತುಂಬೆ ಡ್ಯಾಮ್ ಒಂದನ್ನೇ. 2019ರ ಬೇಸಿಗೆಯಲ್ಲಿ ರೇಷನಿಂಗ್ ಆಯಿತು, 2023ರಲ್ಲಿ ಮತ್ತೆ ಆಯಿತು. ಹಳೆ ಮನೆ ಕೆಡವುವಾಗ ಬಾವಿಯನ್ನೂ ಮುಚ್ಚಿದ ಕಟ್ಟಡಗಳಲ್ಲಿ ಆಗ ಟ್ಯಾಂಕರ್ ಬಿಟ್ಟರೆ ಗತಿ ಇಲ್ಲ. ಟ್ಯಾಂಕರ್ ಖರ್ಚು ಸೇರುವುದು ಮತ್ತೆ ಮೇಂಟೆನೆನ್ಸ್‌ಗೇ. ಬಾವಿ ಉಳಿಸಿಕೊಂಡ ಕಟ್ಟಡ ಸಿಕ್ಕಿದರೆ ಅದಕ್ಕೆ ಒಂದು ಮಾರ್ಕ್ ಜಾಸ್ತಿ ಕೊಡಿ.

ಲಿಫ್ಟ್ ಇದ್ದರೆ ಸಾಲದು, ಕರೆಂಟ್ ಹೋದಾಗ ಜನರೇಟರ್‌ನಲ್ಲಿ ಅದು ಓಡಬೇಕು, ಸ್ಟ್ರೆಚರ್ ಹಿಡಿಸುವಷ್ಟು ಜಾಗ ಅದರಲ್ಲಿ ಇರಬೇಕು. ಇನ್ನು ಗೇಟಿನ ಹೊರಗೆ? ಮಂಗಳೂರು ಏರಿಳಿತದ ಊರು. ಒಳ ರಸ್ತೆಗಳಲ್ಲಿ ಏರು, ಫುಟ್‌ಪಾತ್ ಇಲ್ಲ, ಇದ್ದಲ್ಲಿ ಚರಂಡಿಯ ಚಪ್ಪಡಿ ಅಲ್ಲಾಡುತ್ತದೆ, ಇಲ್ಲದಿದ್ದರೆ ಬೈಕ್ ನಿಂತಿರುತ್ತದೆ. ಮಂಡಿ ನೋವಿನವರು ಬಸ್‌ಸ್ಟಾಪ್ ತನಕ ನಡೆಯಲು ಆಗದಿದ್ದರೆ "ಎಲ್ಲವೂ ಹತ್ತಿರ" ಅನ್ನುವುದರಲ್ಲಿ ಅರ್ಥ ಇಲ್ಲ. ಕಾಂಕ್ರೀಟ್ ರಸ್ತೆಗೆ ಪಾಲಿಕೆ ಕೊಟ್ಟ ಗಮನದ ಕಾಲು ಭಾಗ ಫುಟ್‌ಪಾತಿಗೆ ಕೊಟ್ಟರೂ ಹಿರಿಯರಿಗೆ ಉಪಕಾರ, ರಸ್ತೆ ಬದಿಯ ಅಂಗಡಿಗೂ ವ್ಯಾಪಾರ.

ಊರಿನವರಿಗೆ ಮನೆ ಎಲ್ಲಿ?

ಹೊರಗಿನ ದುಡಿಮೆಯ ಹಣದಿಂದ ದರ ನಿಶ್ಚಯವಾದಾಗ ಇಲ್ಲೇ ದುಡಿಯುವವರಿಗೆ ಅದು ಎಟಕುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಸರ್ಕಾರಿ ಮಾರ್ಗಸೂಚಿ ದರವೂ ಏರಿತು. ಆಸ್ಪತ್ರೆಯ ನರ್ಸ್, ಜವಳಿ ಅಂಗಡಿಯ ಸೇಲ್ಸ್‌ನವರು, ಹೋಮ್ ನರ್ಸ್, ಲಿಫ್ಟ್ ರಿಪೇರಿಯವರು ವಾಮಂಜೂರು, ಗುರುಪುರ, ಮುಡಿಪು, ಬಿ.ಸಿ.ರೋಡ್ ಕಡೆಯಿಂದ ಬಸ್ಸಲ್ಲಿ ಬರಬೇಕು. ರಾತ್ರಿ ಪಾಳಿಗೆ ಜನ ಸಿಗುವುದಿಲ್ಲ ಎಂದು ಅಪಾರ್ಟ್‌ಮೆಂಟಿನವರು ದೂರುವುದಕ್ಕೂ ಇದೇ ಕಾರಣ. ಹಿರಿಯರನ್ನು ನೋಡಿಕೊಳ್ಳುವವರಿಗೆ ಮನೆ ಕೊಡಲಾಗದ ಊರು ಹಿರಿಯರ ಊರು ಆಗುವುದು ಹೇಗೆ? ಮೂಡಾ ಮಾಡುವ ಬಡಾವಣೆಗಳಲ್ಲಿ ಸಣ್ಣ ಸೈಟು, ಸಣ್ಣ ಮನೆಗಳಿಗೆ ಪಾಲು ಇಡುವಂತೆ ಜನಪ್ರತಿನಿಧಿಗಳನ್ನು ಕೇಳಬೇಕಾದ ಕಾಲ ಇದು.

ಟೋಕನ್ ಕೊಡುವ ಮೊದಲು

* ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಅಥವಾ 500 ಚದರ ಮೀಟರ್‌ಗಿಂತ ಹೆಚ್ಚು ಜಾಗದ ಪ್ರಾಜೆಕ್ಟ್‌ಗೆ ರೇರಾ ನೋಂದಣಿ ಬೇಕು. ನಂಬರ್ ಪಡೆದು ರೇರಾ ವೆಬ್‌ಸೈಟಲ್ಲಿ ಮುಗಿಯುವ ದಿನಾಂಕ ನೋಡಿ.

* ಮಾರಾಟದ ಕರಾರು ನೋಂದಣಿ ಆಗದೆ ಬೆಲೆಯ 10 ಪರ್ಸೆಂಟ್‌ಗಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. "ಗುರ್ತದವರು, ಬಾಯಿಮಾತು ಸಾಕು" ಅನ್ನಬೇಡಿ.

* ಇ-ಖಾತಾ ಇಲ್ಲದೆ ನಗರದಲ್ಲಿ ನೋಂದಣಿ ಇಲ್ಲ. ಕಂಪ್ಲೀಷನ್ ಅಥವಾ ಆಕ್ಯುಪೆನ್ಸಿ ಸರ್ಟಿಫಿಕೇಟ್ ಇದ್ದರೆ ಮಾತ್ರ ಕರೆಂಟ್, ನೀರಿನ ಸಂಪರ್ಕ ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. "ಆಮೇಲೆ ಮಾಡಿಸಿ ಕೊಡ್ತೇವೆ" ಎಂಬ ಮಾತಿಗೆ ಒಪ್ಪಬೇಡಿ.

* ಜಾಗದಲ್ಲಿ ನಿಮ್ಮ ಅವಿಭಾಜ್ಯ ಪಾಲು ಎಷ್ಟು, ಅದು ಕ್ರಯಪತ್ರದಲ್ಲಿ ಬರೆದಿದೆಯಾ ನೋಡಿ. ಮುಂದೆ ಕಟ್ಟಡ ಹಳತಾದಾಗ ಬೆಲೆ ಇರುವುದು ಜಾಗಕ್ಕೆ.

* ಸಾಧ್ಯ ಇದ್ದರೆ ಜುಲೈಯಲ್ಲಿ ಹೋಗಿ ಗೋಡೆ, ಟೆರೇಸ್ ಸೋರುವುದನ್ನು ನೋಡಿ, ಮೇಯಲ್ಲಿ ಹೋಗಿ ನೀರು ನೋಡಿ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಸರಿ ಮಾಡಿಕೊಡುವುದು ಬಿಲ್ಡರ್ ಜವಾಬ್ದಾರಿ.

* ಮಕ್ಕಳ ಹೆಸರಿಗೆ ದಾನಪತ್ರ ಮಾಡುವುದಾದರೆ "ನಮ್ಮನ್ನು ನೋಡಿಕೊಳ್ಳಬೇಕು" ಎಂಬ ಷರತ್ತು ಬರೆಸಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆ ಕಲಂ 23ರಡಿ ಉಪವಿಭಾಗಾಧಿಕಾರಿ, ಅಂದರೆ ಮಂಗಳೂರು ಅಥವಾ ಪುತ್ತೂರು ಎಸಿ ಎದುರು ಅರ್ಜಿ ಹಾಕಿ ದಾನಪತ್ರ ರದ್ದು ಮಾಡಿಸಲು ಅವಕಾಶ ಉಂಟು. ಷರತ್ತು ಇಲ್ಲದಿದ್ದರೆ ಕೇಸು ಕಷ್ಟ ಆಗುತ್ತದೆ.

ಊರು ಬೆಳೆಯುವುದು ಬೇಡ ಎಂದು ಯಾರೂ ಹೇಳುವುದಿಲ್ಲ. ಹೊರಗೆ ದುಡಿದವರು ತಿರುಗಿ ಬರುವುದು ಊರಿಗೂ ಒಳ್ಳೆಯದು. ಆದರೆ ಬೆಳವಣಿಗೆಯನ್ನು ಮಾಳಿಗೆಯ ಲೆಕ್ಕದಲ್ಲಿ ಅಳೆಯುವುದನ್ನು ಬಿಡಬೇಕು. ವಾಸ ಇರುವ ಮನೆ ಎಷ್ಟು, ಅಲ್ಲಿಗೆ ಬೇಸಿಗೆಯಲ್ಲಿ ನೀರು ಬರುತ್ತದಾ, ಎಪ್ಪತ್ತು ದಾಟಿದವರು ನಡೆದುಕೊಂಡು ಮೆಡಿಕಲ್‌ಗೆ ಹೋಗಿ ಬರಬಹುದಾ - ವಾರ್ಡ್ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇವು. ಕೇಳಬೇಕಾದವರು ಇಲ್ಲಿ ವಾಸ ಇರುವ ನಾವೇ. ಬೀಗ ಹಾಕಿದ ಫ್ಲ್ಯಾಟಿನಿಂದ ಯಾರೂ ಸಭೆಗೆ ಬರುವುದಿಲ್ಲ.